ವಿಡಿಯೋ ಲಾರಿಂಗೋಸ್ಕೋಪ್ (ಗಂಟಲೊಳಗೆ ನೋಡುತ್ತಾ ಉಸಿರಿನ ಟ್ಯೂಬ್ ಹಾಕುವ ಕ್ಯಾಮೆರಾ ಬ್ಲೇಡು) ಸ್ವಂತಕ್ಕೆ ತಗೋಬೇಕು, ನಮ್ಮ ಕಡೆ ಕೆಲಸಕ್ಕೆ ಯಾವುದು ಸರಿ?

ಬ್ಯಾಗ್ ಮೇಡಂ, ಗದಗ

ಎಲ್ಲರಿಗೂ ನಮಸ್ಕಾರ. ನಾನು ಗದಗಿನಲ್ಲಿ ಅನಸ್ತೇಶಿಯಾ ಮಾಡುತ್ತೇನೆ. ಒಂದೇ ಆಸ್ಪತ್ರೆ ಅಂತ ಇಲ್ಲ, ಕರೆದ ಕಡೆ ಹೋಗುತ್ತೇನೆ. ಬೆಳಿಗ್ಗೆ ಊರೊಳಗೆ ಎರಡು ಸಿಸೇರಿಯನ್, ಮಧ್ಯಾಹ್ನ ಲಕ್ಷ್ಮೇಶ್ವರದಲ್ಲಿ ಒಂದು ಹರ್ನಿಯಾ, ರಾತ್ರಿ ಹನ್ನೊಂದಕ್ಕೆ ರೋಣದಿಂದ ಫೋನ್. ಹತ್ತು ವರ್ಷದಿಂದ ಇದೇ ಬದುಕು. ನನ್ನ ಸಾಮಾನೆಲ್ಲ ಕಾರಿನಲ್ಲಿರುವ ಒಂದು ಬ್ಯಾಗಿನೊಳಗೆ: ನಾಲಿಗೆ ಎತ್ತಿ ಗಂಟಲು ನೋಡುವ ಮಾಮೂಲಿ ಮ್ಯಾಕಿಂಟಾಷ್ ಬ್ಲೇಡು 3 ಮತ್ತು 4, ಬೂಜಿ (ಟ್ಯೂಬಿಗೆ ದಾರಿ ತೋರುವ ಉದ್ದ ಕಡ್ಡಿ), ಸ್ಟೈಲೆಟ್ (ಟ್ಯೂಬಿಗೆ ಬಾಗು ಕೊಡುವ ತಂತಿ), ಮೂರು ಸೈಜಿನ ಎಲ್‌ಎಂಎ (ಗಂಟಲೊಳಗೆ ಕೂರಿಸುವ ಉಸಿರಿನ ಮಾಸ್ಕ್), ಬೆರಳಿಗೆ ಹಾಕುವ ಆಕ್ಸಿಮೀಟರ್.

ಹೋದ ತಿಂಗಳು ಒಂದು ಕೇಸಿನಲ್ಲಿ ಕೈ ನಡುಗಿತು. ಪಿತ್ತಕೋಶದ ಆಪರೇಶನ್, ದಪ್ಪ ಮೈ, ಗಿಡ್ಡ ಕತ್ತು, ಮುಂದಿನ ಹಲ್ಲು ಸ್ವಲ್ಪ ಉಬ್ಬು. ಹಿಂದಿನ ದಿನ ಬಾಯಿ ತೆರೆಸಿ ನೋಡಿದಾಗ ಅಂಥ ಕಷ್ಟವೇನೂ ಅನಿಸಿರಲಿಲ್ಲ. ಮಲಗಿಸಿದ ಮೇಲೆ ಬ್ಲೇಡು ಹಾಕಿದರೆ ಎಪಿಗ್ಲಾಟಿಸ್ (ಶ್ವಾಸನಾಳದ ಮುಚ್ಚಳ) ತುದಿ ಬಿಟ್ಟು ಬೇರೇನೂ ಕಾಣಲಿಲ್ಲ. ಮಾಸ್ಕಿನಲ್ಲಿ ಗಾಳಿ ಹೋಗುತ್ತಿತ್ತು, ಅದೇ ಪುಣ್ಯ. ಎರಡನೇ ಸಲ ತಲೆದಿಂಬು ಎತ್ತರಿಸಿ ನೋಡಿದೆ, ಅಷ್ಟೇ. ಮೂರನೇ ಸಲ ಬೂಜಿಯನ್ನು ಕುರುಡಾಗಿ ತೂರಿಸಿ, ಶ್ವಾಸನಾಳದ ಉಂಗುರಗಳು ಕಟಕಟ ತಾಗಿದ ಹಾಗೆ ಅನಿಸಿದ ಮೇಲೆ ಅದರ ಮೇಲಿಂದ ಟ್ಯೂಬ್ ಇಳಿಸಿದೆ. ರಕ್ತದ ಆಕ್ಸಿಜನ್ ಸ್ಯಾಚುರೇಶನ್ 84ಕ್ಕೆ ಇಳಿದು ಮೇಲೆ ಬಂತು. ಅಲ್ಲಿ ಕ್ಯಾಪ್ನೋಗ್ರಾಫ್ (ಉಸಿರಿನ ಕಾರ್ಬನ್ ಡೈಆಕ್ಸೈಡ್ ತೋರಿಸುವ ಯಂತ್ರ) ಇರಲಿಲ್ಲ, ಎದೆಗೆ ಸ್ಟೆತ್ ಇಟ್ಟು ಕೇಳಿಯೇ ನಂಬಿಕೊಂಡೆ. ರೋಗಿ ಆರಾಮಾಗಿ ಮನೆಗೆ ಹೋದರು. ನನಗೆ ಮಾತ್ರ ಎರಡು ರಾತ್ರಿ ನಿದ್ದೆ ಬರಲಿಲ್ಲ.

ಹಾಗಾಗಿ ಸ್ವಂತ ದುಡ್ಡಲ್ಲಿ ಒಂದು ವಿಡಿಯೋ ಲಾರಿಂಗೋಸ್ಕೋಪ್ ತಗೋಬೇಕು ಅಂತಿದ್ದೇನೆ. ಬ್ಯಾಗಿನಲ್ಲಿ ಹಿಡಿಯಬೇಕು, ಒಬ್ಬಳೇ ಬಳಸುವಂತಿರಬೇಕು. ಮಾರುವವರು ಹೇಳುವುದನ್ನೆಲ್ಲ ಕೇಳಿದ್ದಾಯಿತು. ಬಳಸಿದವರು ಹೇಳಿ. ಜಾಸ್ತಿ ಬಾಗಿದ ಬ್ಲೇಡಾ, ಮಾಮೂಲಿ ಮ್ಯಾಕಿಂಟಾಷ್ ಆಕಾರದ್ದಾ, ಟ್ಯೂಬ್ ಕೂರುವ ತೋಡು ಇರುವಂಥದ್ದಾ?

ಹಳೇ ಬ್ಲೇಡು, ಧಾರವಾಡ

ಮೇಡಂ, ಬೇಜಾರಾಗಬೇಡಿ, ನೇರ ಹೇಳುತ್ತೇನೆ. 84ಕ್ಕೆ ಇಳಿದಿದ್ದಕ್ಕೆ ಕ್ಯಾಮೆರಾ ಇಲ್ಲದಿದ್ದದ್ದು ಕಾರಣ ಅಲ್ಲ. ದಿಂಬನ್ನು ಮೊದಲನೇ ಸಲವೇ ಎತ್ತರಿಸಬೇಕಿತ್ತು. ದಪ್ಪ ಮೈಯವರಿಗೆ ಕಿವಿಯ ತೂತು ಮತ್ತು ಎದೆಮೂಳೆ ಒಂದೇ ಮಟ್ಟಕ್ಕೆ ಬರುವ ತನಕ ಭುಜದ ಕೆಳಗೆ ಚಾದರ ಮಡಚಿ ಇಡಬೇಕು. ಮೂಗಿನಲ್ಲಿ ಆಕ್ಸಿಜನ್ ಕೊಳವೆ ಹಾಕಿ 15 ಲೀಟರ್ ಬಿಟ್ಟುಕೊಂಡೇ ಬ್ಲೇಡು ಎತ್ತಬೇಕು. ಇವೆರಡಕ್ಕೂ ದುಡ್ಡು ಬೇಕಾಗಿಲ್ಲ.

1943ರಲ್ಲಿ ಮ್ಯಾಕಿಂಟಾಷ್ ಸಾಹೇಬರು ಕೊಟ್ಟ ಬ್ಲೇಡು ಇವತ್ತಿಗೂ ನಡೆಯುತ್ತಿದೆ. ಮೂವತ್ತು ವರ್ಷ ಅದರಲ್ಲೇ ಹೊಟ್ಟೆ ಹೊರೆದಿದ್ದೇನೆ. ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ. ಇದು ನಿಮಗಲ್ಲ, ಈಗಿನ ಹುಡುಗರಿಗೆ. ಸ್ಕ್ರೀನ್ ಇಲ್ಲದಿದ್ದರೆ ಬಾಯಿ ತೆರೆಯುವುದಕ್ಕೂ ಹೆದರುತ್ತಾರೆ.

ಪಿಜಿ ಎರಡನೇ ವರ್ಷ, ಹುಬ್ಬಳ್ಳಿ

ಸರ್, ಹೆದರುವುದಕ್ಕೆ ಕಾರಣ ಇದೆ :) ಮೂಗಿನ ಆಕ್ಸಿಜನ್, ಚಾದರ ಎರಡೂ ಪೂರ್ತಿ ಒಪ್ಪುತ್ತೇನೆ. ಆದರೆ ಈಗ ಲೆಕ್ಕ ಬೇರೆ ಹೇಳುತ್ತಿದೆ ಸರ್. ಹಲವು ಅಧ್ಯಯನ ಒಟ್ಟುಗೂಡಿಸಿ ನೋಡುವ 2022ರ ಕಾಕ್ರೇನ್ ವಿಮರ್ಶೆಯಲ್ಲಿ 222 ಅಧ್ಯಯನ, 26 ಸಾವಿರಕ್ಕೂ ಮೇಲೆ ರೋಗಿಗಳು. ಮಾಮೂಲಿ ಆಕಾರದ್ದು, ಜಾಸ್ತಿ ಬಾಗಿದ್ದು, ತೋಡು ಇರುವುದು, ಮೂರೂ ಬಗೆಯ ವಿಡಿಯೋ ಬ್ಲೇಡಿನಲ್ಲೂ ಟ್ಯೂಬ್ ಹಾಕಲಾಗದೆ ಕೈಬಿಡುವುದು ಕಡಿಮೆಯಾಗಿದೆ. 2024ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಿಂದ ಇನ್ನೊಂದು ಬಂತು. ಹೃದಯ, ಎದೆ, ರಕ್ತನಾಳದ ಆಪರೇಶನ್ ರೋಗಿಗಳು. 8,429 ಆಪರೇಶನ್. ಜಾಸ್ತಿ ಬಾಗಿದ ವಿಡಿಯೋ ಬ್ಲೇಡಿನಲ್ಲಿ ಒಂದಕ್ಕಿಂತ ಹೆಚ್ಚು ಸಲ ಪ್ರಯತ್ನ ಬೇಕಾಗಿದ್ದು 1.7 ಶೇಕಡಾ, ಕ್ಯಾಮೆರಾ ಇಲ್ಲದ ಸಾದಾ ಬ್ಲೇಡಿನಲ್ಲಿ 7.6. ಇದು ಸಣ್ಣ ವ್ಯತ್ಯಾಸ ಅಲ್ಲ ಅಲ್ವಾ?

ಹಳೇ ಬ್ಲೇಡು, ಧಾರವಾಡ

ತಮ್ಮಾ, ಅದು ಓಟಿ ಒಳಗಿನ ಲೆಕ್ಕ, ಎಲ್ಲ ಸಜ್ಜು ಇರುವ ಜಾಗ. 2017ರಲ್ಲಿ ಫ್ರಾನ್ಸಿನ ಐಸಿಯುಗಳಲ್ಲಿ 371 ಜನರ ಮೇಲೆ ಮೆಕ್‌ಗ್ರಾತ್ ಅನ್ನುವ ವಿಡಿಯೋ ಸ್ಕೋಪ್ ಇಟ್ಟು ನೋಡಿದರಲ್ಲ, ಮೊದಲ ಸಲದ ಯಶಸ್ಸು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಮೇಲಾಗಿ ಜೀವಕ್ಕೆ ಅಪಾಯವಾಗುವಂಥ ತೊಂದರೆ ವಿಡಿಯೋ ಕಡೆಯೇ ಜಾಸ್ತಿ. ಅದನ್ನು ಯಾರೂ ಸ್ಲೈಡಿನಲ್ಲಿ ಹಾಕುವುದಿಲ್ಲ.

ಪಿಜಿ ಎರಡನೇ ವರ್ಷ, ಹುಬ್ಬಳ್ಳಿ

ಹಾಕುತ್ತಾರೆ ಸರ್, ಆಮೇಲೆ 2023ರದ್ದನ್ನೂ ಹಾಕುತ್ತಾರೆ. ಅಮೆರಿಕದ 17 ಎಮರ್ಜೆನ್ಸಿ ಮತ್ತು ಐಸಿಯುಗಳಲ್ಲಿ 1,417 ರೋಗಿಗಳು. ಮೊದಲ ಸಲಕ್ಕೇ ಟ್ಯೂಬ್ ಹೋಗಿದ್ದು ವಿಡಿಯೋದಲ್ಲಿ 85.1 ಶೇಕಡಾ, ಸಾದಾದಲ್ಲಿ 70.8. ಅರ್ಧದಲ್ಲೇ ನಿಲ್ಲಿಸಿದರು, ಅಷ್ಟು ಸ್ಪಷ್ಟ ಇತ್ತು. ಹೌದು, ಅಲ್ಲಿ ಟ್ಯೂಬ್ ಹಾಕಿದವರು ಬಹುತೇಕ ಕಲಿಯುವ ಹಂತದವರು. ನಿಮ್ಮಂಥ ಕೈಗೆ ಅಷ್ಟು ವ್ಯತ್ಯಾಸ ಬರಲಿಕ್ಕಿಲ್ಲ. ನಮ್ಮಂಥವರಿಗೆ ಬರುತ್ತೆ. ರಾತ್ರಿ ಎರಡು ಗಂಟೆಗೆ ಇರುವವರು ನಾವೇ ತಾನೇ.

ರಾತ್ರಿ ಪಾಳಿ, ಹೆದ್ದಾರಿ 48

ಇಬ್ಬರೂ ಸರಿ. ಆದರೆ ಮೇಡಂ ಕೇಳಿದ್ದು ಯಾವುದು ತಗೋಬೇಕು ಅಂತ, ಬೇಕಾ ಬೇಡವಾ ಅಂತ ಅಲ್ಲ. ನಾನು ತುರ್ತು ವಾರ್ಡಿನಲ್ಲಿರುವವನು. ಹಾವೇರಿಯಿಂದ ಹುಬ್ಬಳ್ಳಿ ತನಕ ಹೆದ್ದಾರಿಯಲ್ಲಿ ಬಿದ್ದವರು, ತಲೆ ಒಡೆದವರು, ಕತ್ತಿಗೆ ಕಾಲರ್ ಹಾಕಿಕೊಂಡು ಬಂದವರು, ಆಮೇಲೆ ಹತ್ತಿ, ಮೆಣಸಿನಕಾಯಿಗೆ ಹೊಡೆಯುವ ಔಷಧ ಕುಡಿದು ಬಂದವರು. ನನ್ನ ಅನುಭವ ಎರಡು ಭಾಗ.

ಕಾಲರ್ ಹಾಕಿದ ಕತ್ತಿಗೆ ವಿಡಿಯೋ ಬ್ಲೇಡು ವರ. ಒಬ್ಬರು ತಲೆ ಅಲುಗದಂತೆ ಎರಡೂ ಕಡೆ ಹಿಡಿಯುತ್ತಾರೆ, ಕಾಲರಿನ ಮುಂಭಾಗ ಬಿಚ್ಚುತ್ತೇವೆ, ಕತ್ತು ಹಿಂದಕ್ಕೆ ಬಗ್ಗಿಸುವ ಹಾಗಿಲ್ಲ. ಸಾದಾ ಬ್ಲೇಡಿನಲ್ಲಿ ಆಗ ಕಣ್ಣಿನಿಂದ ಕಾರ್ಡ್ಸ್‌ಗೆ (ಶ್ವಾಸನಾಳದ ಬಾಯಲ್ಲಿರುವ ಧ್ವನಿತಂತುಗಳಿಗೆ) ನೇರ ಗೆರೆ ಸಿಗುವುದಿಲ್ಲ. ಬಾಗಿದ ಬ್ಲೇಡಿನ ತುದಿಯಲ್ಲಿ ಕ್ಯಾಮೆರಾ ಇದ್ದರೆ ಮೂಲೆ ತಿರುಗಿ ನೋಡಿದ ಹಾಗೆ ಕಾಣುತ್ತೆ.

ಔಷಧ ಕುಡಿದವರದು ಬೇರೆಯೇ ಕಥೆ. ಬಾಯಿ ತುಂಬ ಜೊಲ್ಲು, ನೊರೆ, ವಾಂತಿ. ಬ್ಲೇಡು ಒಳಗೆ ಹೋದ ಕ್ಷಣಕ್ಕೆ ಲೆನ್ಸ್ ಮುಚ್ಚಿ ಸ್ಕ್ರೀನ್ ಬೆಳ್ಳಗಾಗುತ್ತೆ. ಅಪಘಾತದಲ್ಲಿ ಮುಖ ಒಡೆದವರಾದರೆ ಕೆಂಪಗಾಗುತ್ತೆ. ಆಗ ಜಾಸ್ತಿ ಬಾಗಿದ ಬ್ಲೇಡು ಕೈಯಲ್ಲಿದ್ದರೆ ಮುಗಿಯಿತು, ಅದರಲ್ಲಿ ನೇರ ಕಣ್ಣಿಂದ ನೋಡಲು ಆಗುವುದೇ ಇಲ್ಲ. ಮಾಮೂಲಿ ಆಕಾರದ ವಿಡಿಯೋ ಬ್ಲೇಡಾದರೆ ಸ್ಕ್ರೀನ್ ಸತ್ತರೂ ಬಾಯೊಳಗೆ ಬಗ್ಗಿ ನೋಡಿ ಹಾಕಬಹುದು. ಅದಕ್ಕೇ ನಾನು ಮಾಮೂಲಿ ಆಕಾರದ ಕಡೆ. ದಪ್ಪ ಸಕ್ಷನ್ ಕೊಳವೆ ಮುಂದೆ, ಬ್ಲೇಡು ಹಿಂದೆ, ಹಾಗೆ ಹೋಗುವುದನ್ನು ರೂಢಿ ಮಾಡಿಕೊಳ್ಳಿ. ಸಕ್ಷನ್ ತುದಿಯನ್ನು ಅಲ್ಲೇ ಎಡಕ್ಕೆ, ಅನ್ನನಾಳದ ಬಾಯಿಗೆ ಬಿಟ್ಟು ಟ್ಯೂಬ್ ಹಾಕಿ.

(ಔಷಧ ಕುಡಿದವರಿಗೆ ಸಕ್ಸಾ, ಅಂದರೆ ಟ್ಯೂಬ್ ಹಾಕಲು ಸ್ನಾಯು ಸಡಿಲಿಸುವ ಇಂಜೆಕ್ಷನ್, ಬೇಡ, ಗೊತ್ತಿರುತ್ತೆ ನಿಮಗೆ. ಅದನ್ನು ಕರಗಿಸುವ ಎಂಜೈಮನ್ನೇ ವಿಷ ಹಿಡಿದಿಟ್ಟಿರುತ್ತೆ, ಗಂಟೆಗಟ್ಟಲೆ ಉಸಿರು ಬರುವುದಿಲ್ಲ.)

ಬ್ಯಾಗ್ ಮೇಡಂ, ಗದಗ

ಸ್ಕ್ರೀನ್ ಸತ್ತರೂ ಕಣ್ಣಿಂದ ನೋಡಬಹುದು, ಇದು ಯಾರೂ ಹೇಳಿರಲಿಲ್ಲ. ಮಾರುವವರು ಸ್ಕ್ರೀನ್ ಎಷ್ಟು ಇಂಚು ಅಂತಲೇ ಹೇಳಿದರು. ಧನ್ಯವಾದ.

ಹಳೇ ಬ್ಲೇಡು ಸರ್, ಚಾದರ ವಿಷಯ ಒಪ್ಪಿದೆ. ತಪ್ಪು ನನ್ನದೇ.

ಪಿಜಿ ಎರಡನೇ ವರ್ಷ, ಹುಬ್ಬಳ್ಳಿ

ಮೇಡಂ, ನಾನು ಪೂರ್ತಿ ಉಲ್ಟಾ ಹೇಳುತ್ತೇನೆ. ನಿಮ್ಮ ಹೋದ ತಿಂಗಳ ಕೇಸು ನೆನಪಿಸಿಕೊಳ್ಳಿ. ಎಪಿಗ್ಲಾಟಿಸ್ ತುದಿ ಮಾತ್ರ ಕಂಡ ಬಾಯಿ. ಅಂಥಲ್ಲಿ ಮಾಮೂಲಿ ಆಕಾರದ ವಿಡಿಯೋ ಬ್ಲೇಡು ಕೂಡ ಕೆಲವು ಸಲ ಅರ್ಧಂಬರ್ಧ ತೋರಿಸುತ್ತೆ. 2001ರಲ್ಲಿ ಕೆನಡಾದ ಸರ್ಜನ್ ಒಬ್ಬರು ಮಾಡಿದ ಗ್ಲೈಡ್‌ಸ್ಕೋಪ್ ಬ್ಲೇಡು 60 ಡಿಗ್ರಿ ಬಾಗಿರುವುದು ಅಂಥ ಬಾಯಿಗೇ. ಸ್ಟಾರ್ಜ್ ಕಂಪನಿಯ ಸಿ-ಮ್ಯಾಕ್ ಸ್ಕೋಪಿನ ಡಿ ಬ್ಲೇಡೂ ಅದಕ್ಕೇ.

ಆದರೆ ಒಂದು ಮೋಸ ಇದೆ. ಹೊಸಬರೆಲ್ಲ ಅದರಲ್ಲಿ ಬೀಳುತ್ತೇವೆ. ಕಾರ್ಡ್ಸ್ ಟಿವಿಯಲ್ಲಿ ಕಂಡ ಹಾಗೆ ಚೆನ್ನಾಗಿ ಕಾಣುತ್ತೆ, ಟ್ಯೂಬ್ ಮಾತ್ರ ಹೋಗುವುದಿಲ್ಲ. ಕಣ್ಣಿಗೆ ಕಂಡಿದ್ದು ಕೈಗೆ ಸಿಗುವುದಿಲ್ಲ. ಯಾಕೆ ಅಂದರೆ ಕ್ಯಾಮೆರಾ ಮೂಲೆ ತಿರುಗಿ ನೋಡುತ್ತಿದೆ, ಟ್ಯೂಬೂ ಅದೇ ಮೂಲೆ ತಿರುಗಬೇಕು. ಸ್ಟೈಲೆಟ್ ಇಲ್ಲದೆ ಆಗುವುದೇ ಇಲ್ಲ, ಅದೂ ಬ್ಲೇಡಿನ ಬಾಗಿಗೆ ಸರಿಯಾಗಿ ಬಗ್ಗಿಸಿದ ಗಟ್ಟಿ ಸ್ಟೈಲೆಟ್. ನಾನು ಮೊದಲ ಹತ್ತು ಕೇಸಿನಲ್ಲಿ ಮಾಡಿದ ತಪ್ಪುಗಳನ್ನು ಹೇಳುತ್ತೇನೆ, ನಗಬೇಡಿ.

ಮೊದಲನೆಯದು, ಬ್ಲೇಡನ್ನು ಕಾರ್ಡ್ಸ್ ಹತ್ತಿರ ಹತ್ತಿರ ಒಯ್ದು ಸ್ಕ್ರೀನ್ ತುಂಬ ಚಿತ್ರ ತುಂಬಿಸಿದೆ. ಖುಷಿಯಾಯಿತು. ಟ್ಯೂಬಿಗೆ ತಿರುಗಲು ಜಾಗವೇ ಉಳಿಯಲಿಲ್ಲ. ನಮ್ಮ ಮೇಡಂ ಬಂದು "ಹಿಂದಕ್ಕೆ ತಗೋ, ಅರ್ಧ ಕಂಡರೆ ಸಾಕು" ಅಂದರು. ಸ್ವಲ್ಪ ಹಿಂದೆ ಸರಿದು, ಕಾರ್ಡ್ಸ್ ಸ್ಕ್ರೀನಿನ ಮೇಲಿನ ಅರ್ಧಕ್ಕೆ ಬಂದ ಮೇಲೆ ಬೆಣ್ಣೆಯ ಹಾಗೆ ಹೋಯಿತು. ಎರಡನೆಯದು, ಸ್ಟೈಲೆಟ್ ಪೂರ್ತಿ ಒಳಗಿಟ್ಟೇ ದಬ್ಬಿದೆ. ಟ್ಯೂಬಿನ ತುದಿ ಶ್ವಾಸನಾಳದ ಮುಂದಿನ ಗೋಡೆಗೆ ಹೋಗಿ ಕೂತಿತು. ತುದಿ ಕಾರ್ಡ್ಸ್ ದಾಟುವಾಗ ಹೆಬ್ಬೆರಳಿನಿಂದ ಸ್ಟೈಲೆಟ್ಟನ್ನು ಒಂದೆರಡು ಇಂಚು ಮೇಲಕ್ಕೆ ಎತ್ತಿ, ಟ್ಯೂಬನ್ನು ಬಲಕ್ಕೆ ಸ್ವಲ್ಪ ತಿರುಗಿಸಿದರೆ ಇಳಿಯುತ್ತೆ. ಮೂರನೆಯದು ಹೇಳಲು ನಾಚಿಕೆ, ಸ್ಕ್ರೀನೇ ನೋಡುತ್ತಾ ಟ್ಯೂಬ್ ಬಾಯಿಗೆ ಹಾಕಿದೆ. ಬಾಯಿಯಿಂದ ಕ್ಯಾಮೆರಾ ತನಕ ಇರುವ ದಾರಿ ಸ್ಕ್ರೀನಿನಲ್ಲಿ ಕಾಣುವುದಿಲ್ಲವಲ್ಲ. ಅಂಗುಳಿನ ಬದಿಗೆ ಗೀರಿ ರಕ್ತ ಬಂತು, ಸಣ್ಣದು, ಪುಣ್ಯಕ್ಕೆ. ಅಂಗುಳಿನಲ್ಲಿ ತೂತೇ ಬಿದ್ದ ಕೇಸುಗಳೂ ಪತ್ರಿಕೆಗಳಲ್ಲಿ ಬಂದಿವೆ.

ಈಗ ಬಾಯಲ್ಲೇ ಗುನುಗಿಕೊಳ್ಳುತ್ತೇನೆ: ಬ್ಲೇಡಿಗೆ ಬಾಯಿ ನೋಡು, ಆಮೇಲೆ ಸ್ಕ್ರೀನ್ ನೋಡು, ಟ್ಯೂಬಿಗೆ ಮತ್ತೆ ಬಾಯಿ ನೋಡು, ಆಮೇಲೆ ಸ್ಕ್ರೀನ್.

ಹಳೇ ಬ್ಲೇಡು, ಧಾರವಾಡ

ಇದನ್ನು ಓದಿ ಖುಷಿಯಾಯಿತು. ತಪ್ಪನ್ನು ಹೀಗೆ ಬರೆಯುವ ಹುಡುಗ ಕಲಿಯುತ್ತಾನೆ.

ಪಿಜಿ ಎರಡನೇ ವರ್ಷ, ಹುಬ್ಬಳ್ಳಿ

ಹುಡುಗಿ ಸರ್ :)

ಹಳೇ ಬ್ಲೇಡು, ಧಾರವಾಡ

ತಪ್ಪಾಯಿತವ್ವಾ.

ದವಡೆ ಸರ್ಜನ್, ಹುಬ್ಬಳ್ಳಿ

ನಾನು ಅನಸ್ತೇಶಿಯಾದವನಲ್ಲ, ಆದರೆ ನಮ್ಮ ಕಡೆಯ ಬಾಯಿಗಳ ಬಗ್ಗೆ ಒಂದು ಮಾತು ಹೇಳದಿದ್ದರೆ ಈ ಚರ್ಚೆ ಅರ್ಧ ಆಗುತ್ತೆ. ಗುಟ್ಕಾ. ಮಾವಾ. ಅಡಿಕೆ. ಇಪ್ಪತ್ತೈದು ವರ್ಷದ ಹುಡುಗರು ಬರುತ್ತಾರೆ, ಕೆನ್ನೆ ಒಳಗೆ ಹಲಗೆ ಆಗಿರುತ್ತೆ, ಬಾಯಲ್ಲಿ ಎರಡು ಬೆರಳು ಹೋಗುವುದಿಲ್ಲ. ಖಾರ ತಿನ್ನಲು ಆಗುವುದಿಲ್ಲ ಅಂತ ಬರುತ್ತಾರೆ, ಬಾಯಿ ಮುಚ್ಚಿಕೊಳ್ಳುತ್ತಿದೆ ಅನ್ನುವುದು ಅವರಿಗೆ ಗೊತ್ತೇ ಇರುವುದಿಲ್ಲ.

ವಿಡಿಯೋ ಬ್ಲೇಡು ಎಂಥ ಕಷ್ಟದ ಗಂಟಲನ್ನೂ ತೋರಿಸಬಹುದು. ಆದರೆ ಮೊದಲು ಅದು ಬಾಯೊಳಗೆ ಹೋಗಬೇಕಲ್ಲ? ಟ್ಯೂಬಿಗೆ ತೋಡು ಇರುವ ಬ್ಲೇಡುಗಳಂತೂ ದಪ್ಪ. ಕಿಂಗ್ ವಿಷನ್ ಅನ್ನುವ ವಿಡಿಯೋ ಸ್ಕೋಪಿನ ತೋಡು ಇರುವ ಬ್ಲೇಡಿಗೆ ಬಾಯಿ ಕನಿಷ್ಠ 18 ಮಿಲಿಮೀಟರ್ ತೆರೆಯಬೇಕು, ತೋಡು ಇಲ್ಲದ್ದಕ್ಕೆ 13. ಅದು ಬ್ಲೇಡಿಗೆ ಮಾತ್ರ. ಕೈ ಆಡಿಸಲು ಜಾಗ ಬೇರೆ ಬೇಕು. ಒಂದೂವರೆ ಸೆಂಟಿಮೀಟರ್ ಬಾಯಿಗೆ ಮಲಗಿಸಿದ ಮೇಲೆ ನೋಡೋಣ ಅನ್ನುವ ಧೈರ್ಯ ಯಾರೂ ಮಾಡಬೇಡಿ. ಅಂಥವರಿಗೆ ಎಚ್ಚರ ಇರುವಾಗಲೇ ಮೂಗಿನಿಂದ ಬಳುಕುವ ತೆಳ್ಳನೆ ಫೈಬರ್ ಸ್ಕೋಪ್, ಅದು ಇರುವ ಜಾಗಕ್ಕೆ ಕಳಿಸಿ. ಔಷಧ ಕೊಟ್ಟ ಮೇಲೆ ಬಾಯಿ ಸಡಿಲ ಆಗುತ್ತೆ ಅನ್ನುವುದು ನೋವಿನಿಂದ ಮುಚ್ಚಿದ ಬಾಯಿಗೆ ಸರಿ. ಗುಟ್ಕಾದ ಬಾಯಿ ನಾರು ಕಟ್ಟಿ ಮುಚ್ಚಿದ್ದು, ಯಾವ ಇಂಜೆಕ್ಷನ್ನಿಗೂ ತೆರೆಯುವುದಿಲ್ಲ.

ಯಾವುದೇ ತಗೊಳ್ಳುವ ಮುಂಚೆ ಬ್ಲೇಡಿನ ದಪ್ಪವನ್ನು ಸ್ಕೇಲ್ ಇಟ್ಟು ಅಳೆಯಿರಿ ಮೇಡಂ. ಅಗ್ಗದ ಕೆಲವದರಲ್ಲಿ ಕ್ಯಾಮೆರಾ ಹಿಡಿಸಲು ಬ್ಲೇಡನ್ನು ಇಟ್ಟಿಗೆ ಮಾಡಿರುತ್ತಾರೆ.

ಬ್ಯಾಗ್ ಮೇಡಂ, ಗದಗ

ಇದು ಬಹಳ ಉಪಯೋಗದ ಮಾತು ಸರ್. ತೋಡು ಇರುವಂಥದ್ದು ತಲೆಯಿಂದ ತೆಗೆದೆ. ಏರ್‌ಟ್ರಾಕ್ ಮೊದಲು ಪಿಜಿಯಲ್ಲಿದ್ದಾಗ ಬಳಸಿದ್ದೆ, ಕಣ್ಣು ಹಚ್ಚಿ ನೋಡುವ ಗಾಜಿನದು. ಅದೂ ದಪ್ಪವೇ. ಲೈಟ್ ಹಾಕಿ ಅರ್ಧ ನಿಮಿಷವಾದರೂ ಕಾಯಬೇಕು, ಇಲ್ಲದಿದ್ದರೆ ಮಂಜು ಕಟ್ಟುತ್ತೆ. ಆದರೆ ಕುತ್ತಿಗೆ ಅಲುಗಿಸಬಾರದ ಕೇಸಿನಲ್ಲಿ ಬಹಳ ಚೆನ್ನಾಗಿತ್ತು, ನೆನಪಿದೆ.

ಓಟಿ ಟೆಕ್ನೀಷಿಯನ್, ಹಾವೇರಿ

ಡಾಕ್ಟರುಗಳೆಲ್ಲ ಮಾತಾಡಿದ್ದೀರಿ, ತೊಳೆಯುವವನ ಮಾತೂ ಕೇಳಿ ಸರ್, ಮೇಡಂ.

ಒಂದು. ಮಂಜು. ಡಿಸೆಂಬರ್‌ನಲ್ಲಿ ಎಸಿ ಓಟಿಯಲ್ಲಿ ತಣ್ಣಗಿನ ಬ್ಲೇಡನ್ನು ಬಿಸಿ ಬಾಯಿಗೆ ಹಾಕಿದರೆ ಲೆನ್ಸ್ ಮಬ್ಬಾಗದೆ ಇನ್ನೇನು? ಐದು ನಿಮಿಷ ಮುಂಚೆ ಆನ್ ಮಾಡಿ ಇಡಬೇಕು, ಇಲ್ಲದಿದ್ದರೆ ಬ್ಲೇಡಿನ ತುದಿಯನ್ನು ಬಿಸಿ ಸಲೈನಿನಲ್ಲಿ ಅದ್ದಿ ಒರೆಸಿ ಕೊಡುತ್ತೇನೆ. ಇದನ್ನು ಡಾಕ್ಟರು ಕೇಳುವುದು ಟ್ಯೂಬ್ ಹಾಕುವ ಹೊತ್ತಿಗೆ, ಆಗ ಕೇಳಿದರೆ ಏನು ಮಾಡಲಿ.

ಎರಡು. ಒಂದೇ ಸಲ ಬಳಸಿ ಬಿಸಾಕಬೇಕಾದ ಪ್ಲಾಸ್ಟಿಕ್ ಬ್ಲೇಡನ್ನು ಎಷ್ಟು ಸಲ ಬಳಸುತ್ತಾರೆ ಅಂತ ಇಲ್ಲಿ ಬರೆಯುವುದಿಲ್ಲ. ಎಲ್ಲರಿಗೂ ಗೊತ್ತು. ಅದು ಸವೆದು ಕಣ್ಣಿನ ಪೊರೆ ಬಂದ ಹಾಗೆ ಆಗಿರುತ್ತೆ, ಆಮೇಲೆ ಮಷೀನ್ ಸರಿ ಇಲ್ಲ ಅನ್ನುತ್ತಾರೆ. ಸ್ಟೀಲ್ ಬ್ಲೇಡಾದರೆ ಮೊದಲು ಸೋಪು ನೀರಿನಲ್ಲಿ ಬ್ರಷ್ ಹಾಕಿ ಜಿಗುಟು ಪೂರ್ತಿ ತೆಗೆದು, ಆಮೇಲೆ ಕಂಪನಿ ಹೇಳಿದ ದ್ರಾವಣದಲ್ಲಿ ಹೇಳಿದಷ್ಟು ಹೊತ್ತು. ಎಲ್ಲವನ್ನೂ ನೀರಿಗೆ ಹಾಕುವ ಹಾಗಿಲ್ಲ. ನೀರಿಗೆ ಹಾಕಬಹುದಾ ಅಂತ ತಗೊಳ್ಳುವ ಮುಂಚೆ ಕೇಳಿ, ಮಾರುವವನ ಬಾಯಿಮಾತಲ್ಲ, ಪುಸ್ತಕ ತೋರಿಸಲಿ. ಕನೆಕ್ಟರಿನ ಮೇಲಿನ ಸಣ್ಣ ರಬ್ಬರ್ ಟೋಪಿ ಕಳೆದುಹೋದ ದಿನವೇ ಆ ಬ್ಲೇಡಿನ ಆಯುಷ್ಯ ಮುಗಿದ ಹಾಗೆ. ನಾನು ಎರಡು ಎಕ್ಸ್‌ಟ್ರಾ ಇಟ್ಟಿರುತ್ತೇನೆ.

ಮೂರು. ಕೋವಿಡ್ ಹೊತ್ತಿನಲ್ಲಿ ಬಂದ ಒಂದು ಒಳ್ಳೇ ಸ್ಕೋಪು ನಾನು ಮೊದಲಿದ್ದ ಜಾಗದಲ್ಲಿ ಬೀರುವಿನಲ್ಲಿತ್ತು. ಬೀರುವಿಗೆ ಬೀಗ. ಕೀಲಿ ಇನ್‌ಚಾರ್ಜ್ ಸಿಸ್ಟರ್ ಹತ್ತಿರ, ಅವರ ಡ್ಯೂಟಿ ಸಂಜೆ ನಾಲ್ಕಕ್ಕೆ ಮುಗಿಯುತ್ತೆ. ಕಷ್ಟದ ಕೇಸು ನಾಲ್ಕರ ಒಳಗೇ ಬರಬೇಕು.

ರಾತ್ರಿ ಪಾಳಿ, ಹೆದ್ದಾರಿ 48

ಮೂರನೆಯದಕ್ಕೆ ನಕ್ಕೆ, ಆಮೇಲೆ ನಗು ನಿಂತಿತು.

ಸುಮ್ನೆ ಓದುಗ, ಶಿಗ್ಗಾಂವಿ

ಡಾಕ್ಟರುಗಳೇ, ನಾನು ಮಾಸ್ತರ, ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮ ತಂದೆಗೆ ಮುಂದಿನ ವಾರ ಹುಬ್ಬಳ್ಳಿಯಲ್ಲಿ ಆಪರೇಶನ್ ಇದೆ. ಇದನ್ನು ಓದಿ ಹೆದರಿಕೆ ಆಯಿತು. ವಿಡಿಯೋ ಇದೆಯಾ ಅಂತ ಕೇಳಬೇಕಾ? ಕೇಳಿದರೆ ಸಿಟ್ಟಾಗುತ್ತಾರಾ?

ಬ್ಯಾಗ್ ಮೇಡಂ, ಗದಗ

ಹೆದರಬೇಡಿ ಮಾಸ್ತರೇ. ನಾವಿಲ್ಲಿ ಕಷ್ಟದ ಕೇಸುಗಳನ್ನೇ ಹೇಳಿಕೊಳ್ಳುತ್ತಿದ್ದೇವೆ, ಸುಲಭದ್ದನ್ನು ಯಾರು ಬರೆಯುತ್ತಾರೆ? ಬಹಳಷ್ಟು ಜನಕ್ಕೆ ಟ್ಯೂಬ್ ಒಂದು ನಿಮಿಷದೊಳಗೆ ಹೋಗುತ್ತೆ, ಸಾದಾ ಬ್ಲೇಡಿನಲ್ಲೇ. ಕೇಳಬಹುದು, ಯಾರೂ ಸಿಟ್ಟಾಗುವುದಿಲ್ಲ. ಅದಕ್ಕಿಂತ ನೀವು ಹೇಳಬೇಕಾದ್ದು ಜಾಸ್ತಿ ಇದೆ: ಅಲ್ಲಾಡುವ ಹಲ್ಲು ಇದೆಯಾ, ಕಟ್ಟಿಸಿದ ಹಲ್ಲು ಇದೆಯಾ, ಗುಟ್ಕಾ ಅಡಿಕೆ ಎಷ್ಟು ವರ್ಷದಿಂದ, ರಾತ್ರಿ ಜೋರು ಗೊರಕೆ ನಡುವೆ ಉಸಿರು ನಿಲ್ಲುತ್ತಾ, ಮೊದಲು ಯಾವಾಗಾದರೂ ಆಪರೇಶನ್ನಿನಲ್ಲಿ ಟ್ಯೂಬಿಗೆ ತೊಂದರೆ ಆಗಿತ್ತಾ. ಮುಚ್ಚಿಡಬೇಡಿ ಅಂತ ತಂದೆಯವರಿಗೂ ಹೇಳಿ. ಹಿರಿಯರು ಮಗನ ಮುಂದೆ ಅಡಿಕೆ ವಿಷಯ ಹೇಳುವುದಿಲ್ಲ, ನಾನು ಮಗನನ್ನು ಹೊರಗೆ ಕಳಿಸಿಯೇ ಕೇಳುತ್ತೇನೆ.

ಸುಮ್ನೆ ಓದುಗ, ಶಿಗ್ಗಾಂವಿ

ಅಡಿಕೆ ಅಲ್ಲರೀ, ತಂಬಾಕು. ಹೇಳುತ್ತೇನೆ. ಬಹಳ ಉಪಕಾರ ಆಯಿತು.

ಪಿಜಿ ಎರಡನೇ ವರ್ಷ, ಹುಬ್ಬಳ್ಳಿ

ಒಂದು ಸೈಡ್ ವಿಷಯ. ಕೊಪ್ಪಿಕರ್ ರಸ್ತೆಯಲ್ಲಿ ಮೆಕ್ಯಾನಿಕ್‌ಗಳು ಬಳಸುವ, ಫೋನಿಗೆ ಚುಚ್ಚುವ ಸಣ್ಣ ವೈರ್ ಕ್ಯಾಮೆರಾ ತಂದು ಹಳೇ ಮ್ಯಾಕಿಂಟಾಷ್ ಬ್ಲೇಡಿಗೆ ಟೇಪ್ ಸುತ್ತಿ ತರಬೇತಿಯ ಬೊಂಬೆಯ ಮೇಲೆ ಪ್ರಯತ್ನ ಮಾಡಿದೆವು. ಇಂಥದ್ದನ್ನು ನಮ್ಮ ದೇಶದಲ್ಲಿ ಹಲವರು ಮಾಡಿದ್ದಾರೆ. ಆಶ್ಚರ್ಯ ಅನ್ನುವಷ್ಟು ಚೆನ್ನಾಗಿ ಕಾಣುತ್ತೆ! ಆದರೆ ಫೋನಿನಲ್ಲಿ ಚಿತ್ರ ಅರ್ಧ ಸೆಕೆಂಡ್ ತಡವಾಗಿ ಬರುತ್ತಿತ್ತು. ಕೈ ಮುಂದೆ, ಚಿತ್ರ ಹಿಂದೆ. ನಡುವೆ ಯಾರದೋ ಫೋನ್ ಬಂತು, ಕಾರ್ಡ್ಸ್ ಹೋಗಿ "ಅಮ್ಮ" ಅಂತ ಬಂತು.

ಹಳೇ ಬ್ಲೇಡು, ಧಾರವಾಡ

ಬೊಂಬೆಯ ಮೇಲೆ ಇರಲಿ ಅದು. ರೋಗಿಯ ಬಾಯಿಗೆ ಟೇಪ್ ಸುತ್ತಿದ ವೈರು ಬೇಡ, ತೊಳೆಯಲು ಬರುವುದಿಲ್ಲ, ಟೇಪ್ ಬಿಚ್ಚಿ ಗಂಟಲಲ್ಲಿ ಉಳಿದರೆ?

ಈಗ ನಾನೂ ಒಂದು ಒಪ್ಪಿಕೊಳ್ಳುತ್ತೇನೆ, ಇಲ್ಲದಿದ್ದರೆ ನ್ಯಾಯ ಅಲ್ಲ. ವಿಡಿಯೋ ಬೇಡ ಅಂತ ವಾದ ಮಾಡಿದೆನಲ್ಲ, ಎರಡು ವರ್ಷದಿಂದ ನಾನೇ ವಾರಕ್ಕೆ ಮೂರ್ನಾಲ್ಕು ಸಲ ಬಳಸುತ್ತಿದ್ದೇನೆ. ಕಾರಣ ಚಾಳೀಸು. ಒಂದು ಅಡಿ ದೂರದಲ್ಲಿ ಮಂದ ಬೆಳಕಿನಲ್ಲಿ ಕಾರ್ಡ್ಸ್ ಮಸುಕು. ಕನ್ನಡಕದ ಕೆಳಗಿನ ಭಾಗದಿಂದ ನೋಡಲು ತಲೆ ಹಿಂದಕ್ಕೆ ಎತ್ತಬೇಕು, ತಲೆ ಎತ್ತಿದರೆ ಬಾಯಿ ಕಾಣುವುದಿಲ್ಲ. ಮಾಸ್ಕಿನ ಆವಿಗೆ ಕನ್ನಡಕ ಬೇರೆ ಮಬ್ಬು. ಸ್ಕ್ರೀನಾದರೆ ದೂರ ಇರುತ್ತೆ, ದೊಡ್ಡದು. ಇದನ್ನು ಯಾರಿಗೂ ಹೇಳಿರಲಿಲ್ಲ. ಟೆಕ್ನೀಷಿಯನ್ ಹುಡುಗನಿಗೆ ಮಾತ್ರ ಗೊತ್ತು, ಅವನು ಕೇಳದೆಯೇ ಸ್ಕೋಪ್ ತಂದಿಡುತ್ತಾನೆ.

ಇನ್ನೊಂದು ಲಾಭ ನಾನು ಎಣಿಸಿರದಿದ್ದದ್ದು. ಮೊದಲೆಲ್ಲ ಕತ್ತು ಒತ್ತಿಹಿಡಿ ಅಂದರೆ ಆ ಹುಡುಗ ಎಲ್ಲೋ ಒತ್ತುತ್ತಿದ್ದ, "ಬಲಕ್ಕೆ, ಇನ್ನೂ, ಅಲ್ಲ ಅಲ್ಲ" ಅಂತ ಕೂಗಬೇಕಿತ್ತು. ಈಗ ಅವನಿಗೂ ಅದೇ ಚಿತ್ರ ಕಾಣುತ್ತೆ. ಗಂಟಲಮಣಿಯನ್ನು ತಾನೇ ಹಿಂದಕ್ಕೆ, ಮೇಲಕ್ಕೆ, ಬಲಕ್ಕೆ ಸರಿಸಿ ಕಾರ್ಡ್ಸ್ ತಂದು ನಿಲ್ಲಿಸುತ್ತಾನೆ. ಹಾಗಾಗಿ ಮೇಡಂ, ಯಾವುದೇ ತಗೊಳ್ಳಿ, ಸ್ಕ್ರೀನ್ ಪಕ್ಕದವರಿಗೂ ಕಾಣುವ ಹಾಗಿರಲಿ. ಒಬ್ಬಳೇ ಕೆಲಸ ಮಾಡುವವರಿಗೆ ಎರಡನೇ ಜೊತೆ ಕಣ್ಣು ಅದು.

ರಾತ್ರಿ ಪಾಳಿ, ಹೆದ್ದಾರಿ 48

ಸರ್, ನಿಮ್ಮ ಮೇಲೆ ಇದ್ದ ಸಿಟ್ಟೆಲ್ಲ ಇಳಿಯಿತು.

ಮೇಡಂ, ಬ್ಯಾಟರಿ ವಿಷಯ. ಮೆಕ್‌ಗ್ರಾತ್ ಹಗುರ, ಒಂದೇ ತುಂಡು, ಹಿಡಿಯ ಮೇಲೇ ಸ್ಕ್ರೀನ್, ಬ್ಯಾಗಿಗೆ ಹೇಳಿ ಮಾಡಿಸಿದ ಹಾಗೆ. ಎಷ್ಟು ನಿಮಿಷ ಉಳಿದಿದೆ ಅಂತ ಸ್ಕ್ರೀನಿನಲ್ಲೇ ತೋರಿಸುತ್ತೆ, ಹೊಸದಕ್ಕೆ 250 ನಿಮಿಷ. ಆದರೆ ಅದರ ಬ್ಯಾಟರಿ ಅದೇ ಕಂಪನಿಯದ್ದೇ ಆಗಬೇಕು, ರೋಣದಲ್ಲಿ ರಾತ್ರಿ ಹನ್ನೊಂದಕ್ಕೆ ಸಿಗುವುದಿಲ್ಲ, ಒಂದು ಯಾವಾಗಲೂ ಜಾಸ್ತಿ ಇಟ್ಟಿರಬೇಕು. ಕಿಂಗ್ ವಿಷನ್ ಪೆನ್ಸಿಲ್ ಸೆಲ್ಲಿಗಿಂತ ಸಣ್ಣ ಮೂರು ಸೆಲ್ಲಿನಲ್ಲಿ ನಡೆಯುತ್ತೆ, ಟಿವಿ ರಿಮೋಟಿನದು, ಕಿರಾಣಿ ಅಂಗಡಿಯಲ್ಲೂ ಸಿಗುತ್ತೆ. ಚಾರ್ಜ್ ಮಾಡುವ ಥರದ್ದಾದರೆ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಏಪ್ರಿಲ್ ಬಿಸಿಲಿಗೆ ಬಿಟ್ಟು ಹೋಗಬೇಡಿ. ಗದಗಿನ ಬಿಸಿಲಿಗೆ ಯಾವ ಬ್ಯಾಟರಿಯೂ ಉಳಿಯುವುದಿಲ್ಲ.

ಇನ್ನೊಂದು, ಇದನ್ನು ಮೊದಲೇ ಹೇಳಬೇಕಿತ್ತು. ನಿಮ್ಮ ಮೊದಲ ಪೋಸ್ಟಿನಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು 84 ಅಲ್ಲ. ಕ್ಯಾಪ್ನೋಗ್ರಾಫ್ ಇರಲಿಲ್ಲ ಅಂದಿರಲ್ಲ, ಅದು. ದುಡ್ಡು ಒಂದಕ್ಕೇ ಇದ್ದರೆ ಮೊದಲು ಅದು ತಗೊಳ್ಳಿ. ಸ್ಟೆತ್ತಿನಲ್ಲಿ ಕೇಳಿದ್ದು ಮೋಸ ಮಾಡುತ್ತೆ, ದಪ್ಪ ಮೈಯಲ್ಲಿ ಹೊಟ್ಟೆಯ ಸದ್ದೇ ಎದೆಯಲ್ಲಿ ಕೇಳುತ್ತೆ. ಟ್ಯೂಬಿನಲ್ಲಿ ಆವಿ ಕಟ್ಟಿದ್ದೂ ನಂಬಿಕೆಗೆ ಅಲ್ಲ. ಕಾರ್ಬನ್ ಡೈಆಕ್ಸೈಡ್ ಗೆರೆ ಏಳು ಉಸಿರು ಸರಿಯಾಗಿ ಬಂದರೆ ಮಾತ್ರ ಟ್ಯೂಬ್ ಶ್ವಾಸನಾಳದಲ್ಲಿದೆ ಅಂತ ಲೆಕ್ಕ, 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುವುದು ಅದೇ. ಗೆರೆ ಇಲ್ಲ ಅಂದರೆ ಟ್ಯೂಬ್ ತೆಗೆದುಬಿಡಿ, ಕಣ್ಣಾರೆ ನೋಡಿದೆ ಅಂತ ಹಟ ಬೇಡ.

ಹಳೇ ಬ್ಲೇಡು, ಧಾರವಾಡ

ಇದಕ್ಕೆ ನನ್ನ ಎರಡೂ ಕೈ ಎತ್ತುತ್ತೇನೆ. ನಾನು ಚಾದರದ ಪಾಠ ಮಾಡುತ್ತಾ ಇದನ್ನು ಮರೆತೆ.

ಬ್ಯಾಗ್ ಮೇಡಂ, ಗದಗ

ಎರಡು ದಿನ ಸುಮ್ಮನಿದ್ದೆ. ನಿಮ್ಮ ಮಾತು ಓದಿ ನಿಜಕ್ಕೂ ಬೇಜಾರಾಗಿತ್ತು. ನಿಮ್ಮ ಮೇಲಲ್ಲ. ಹತ್ತು ವರ್ಷದಿಂದ ಗೊತ್ತಿದ್ದೂ ಇಂಥ ಜಾಗಗಳಲ್ಲಿ ಕೆಲಸ ಮಾಡಿದೆನಲ್ಲ ಅಂತ. ಕೇಳಿದರೆ "ಮುಂದಿನ ತಿಂಗಳು ತರಿಸೋಣ ಮೇಡಂ" ಅನ್ನುತ್ತಾರೆ. ಆ ಮುಂದಿನ ತಿಂಗಳು ಬರುವುದೇ ಇಲ್ಲ.

ಈಗ ಮೂರು ವಾರ ಆಯಿತು, ಆಮೇಲೆ ಆಗಿದ್ದು ಬರೆಯುತ್ತೇನೆ, ಮುಂದೆ ಯಾರಾದರೂ ಹುಡುಕಿಕೊಂಡು ಬಂದರೆ ಇರಲಿ. ಅಂಗೈಯಲ್ಲಿ ಹಿಡಿಯುವ, ಟ್ಯೂಬಿನ ತುದಿಗೇ ಸಿಕ್ಕಿಸುವ ಕ್ಯಾಪ್ನೋಮೀಟರ್ ಮೊದಲು ತಗೊಂಡೆ, ಗೆರೆ ತೋರಿಸುವಂಥದ್ದೇ. ಆಮೇಲೆ ಡೆಮೋಗೆ ಅಂತ ಎರಡು ಸ್ಕೋಪ್ ತಂದುಕೊಟ್ಟರು, ಒಂದು ಮಾಮೂಲಿ ಆಕಾರದ್ದು, ಒಂದು ಜಾಸ್ತಿ ಬಾಗಿದ್ದು. ಸುಲಭದ ಕೇಸುಗಳಲ್ಲೇ ಇಟ್ಟು ನೋಡಿದೆ, ಕಷ್ಟದ ದಿನ ಮೊದಲ ಸಲ ಕೈಗೆ ತಗೊಳ್ಳಬಾರದು ಅಂತ. ಮಾಮೂಲಿ ಆಕಾರದ್ದು ಮೊದಲ ದಿನವೇ ಕೈಗೆ ಕೂತಿತು, ಹೊಸದು ಅಂತಲೇ ಅನಿಸಲಿಲ್ಲ. ಬಾಗಿದ್ದಕ್ಕೆ ಪಿಜಿ ಹುಡುಗಿ ಹೇಳಿದ ಮೂರೂ ತಪ್ಪನ್ನು ನಾನೂ ಮಾಡಿದೆ, ಅದೇ ಕ್ರಮದಲ್ಲಿ! ರಕ್ತ ಮಾತ್ರ ಬರಿಸಲಿಲ್ಲ. ಆರೇಳು ಕೇಸು ಆದ ಮೇಲೆ ಕೈ ಕುದುರಿತು.

ಕೊನೆಗೆ ತಗೊಂಡಿದ್ದು ಒಂದೇ ಹಿಡಿ, ಮೇಲೆ ತಿರುಗಿಸಬಹುದಾದ ಸ್ಕ್ರೀನ್, ಸ್ಟೀಲ್ ಬ್ಲೇಡು. ಮಾಮೂಲಿ ಆಕಾರದ 3 ಮತ್ತು 4, ಜೊತೆಗೆ ಜಾಸ್ತಿ ಬಾಗಿದ ಒಂದು. ದಿನಾ ಮಾಮೂಲಿಯದು. ಅದರಲ್ಲಿ ಕಾಣದಿದ್ದರೆ ಮಾಸ್ಕಿನಲ್ಲಿ ಗಾಳಿ ಕೊಟ್ಟು ಬ್ಲೇಡು ಬದಲಿಸುತ್ತೇನೆ, ಒಂದೇ ಬ್ಲೇಡಿನಲ್ಲಿ ಮೂರು ಸಲ ಗುದ್ದಾಡುವುದಿಲ್ಲ. ಎರಡರಲ್ಲೂ ಆಗದಿದ್ದರೆ ಎಲ್‌ಎಂಎ, ಅದೂ ಆಗದಿದ್ದರೆ ಎಬ್ಬಿಸುವುದು. ಬ್ಲೇಡಿನ ದಪ್ಪವನ್ನು ಸ್ಕೇಲ್ ಇಟ್ಟು ಅಳೆದೇ ತಗೊಂಡೆ, ದವಡೆ ಸರ್ಜನ್ ಸರ್. ಅಂಗಡಿಯವನು ವಿಚಿತ್ರವಾಗಿ ನೋಡಿದ.

ದಿಂಬು ಚಾದರ ಕಾರಿನಲ್ಲೇ ಇದೆ ಈಗ, ನಮ್ಮ ಮನೆಯ ಹಳೇ ಕೌದಿ.

ಓಟಿ ಟೆಕ್ನೀಷಿಯನ್, ಹಾವೇರಿ

ಅಭಿನಂದನೆ ಮೇಡಂ. ರಬ್ಬರ್ ಟೋಪಿ ಎಷ್ಟು ಕೊಟ್ಟರು?

ಬ್ಯಾಗ್ ಮೇಡಂ, ಗದಗ

ಒಂದೇ. ಎರಡನೇ ದಿನವೇ ಲಕ್ಷ್ಮೇಶ್ವರದಲ್ಲಿ ಕಳೆಯಿತು. ನಿಮ್ಮ ಹತ್ತಿರ ಎಕ್ಸ್‌ಟ್ರಾ ಇದೆ ಅಂದಿದ್ದಿರಲ್ಲ, ಹೊಂದುತ್ತಾ ನೋಡಬೇಕು. ಫೋಟೋ ಕಳಿಸುತ್ತೇನೆ.